ಸಿವಿಲ್ ವಿಭಾಗದಲ್ಲಿ ಗೈಡ್ ಹುಡುಕುವ ಮುನ್ನ: ಅಲ್ಲಿ ಯಾರ ಕೆಲಸ ಏನು, ಸಂಶೋಧನೆ ನಡೆಯುವುದು ಹೇಗೆ

ಪ್ರವೇಶದ ದಿನಗಳು ಹತ್ತಿರ ಬಂದರೆ ನನಗೆ ಒಂದೇ ಅಚ್ಚಿನ ಇಮೇಲ್‌ಗಳು ಬರತೊಡಗುತ್ತವೆ. "ಮಾನ್ಯ ಪ್ರಾಧ್ಯಾಪಕರೇ, ನಿಮ್ಮ ಸಂಶೋಧನೆಯಲ್ಲಿ ನನಗೆ ತುಂಬಾ ಆಸಕ್ತಿಯಿದೆ, ನಿಮ್ಮ ಕೈಕೆಳಗೆ ಕೆಲಸ ಮಾಡಲು ಅವಕಾಶ ಕೊಡಿ." ಯಾವ ಸಂಶೋಧನೆ ಎಂದು ಎಲ್ಲೂ ಇರುವುದಿಲ್ಲ. ನಾನು ಮಣ್ಣಿನ ಮೇಲೆ ಕೆಲಸ ಮಾಡುವವನು, ಪತ್ರದಲ್ಲಿ ಭೂಕಂಪ ತಡೆಯುವ ಗಗನಚುಂಬಿ ಕಟ್ಟಡಗಳ ಮಾತು. ಬರೆದವರು ದಡ್ಡರಲ್ಲ. ಒಳ್ಳೆಯ ಅಂಕ ತೆಗೆದವರು, ದುಡಿಯುವ ಮನಸ್ಸಿರುವವರು. ವಿಶ್ವವಿದ್ಯಾಲಯದ ವಿಭಾಗವೊಂದು ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಸ್ನಾತಕೋತ್ತರ ಪ್ರಬಂಧಕ್ಕೋ ಪಿಎಚ್‌ಡಿಗೋ ಗೈಡ್ ಹುಡುಕುತ್ತಿರುವ ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತು ಒಂದೇ. ಹುದ್ದೆಯ ಹೆಸರು ನೋಡಿ ಗೈಡ್ ಆರಿಸಬೇಡಿ. ನಿಮ್ಮನ್ನು ಕಾಡುವ ಪ್ರಶ್ನೆಯನ್ನು ಮೊದಲು ಹಿಡಿಯಿರಿ, ಆಮೇಲೆ ಆ ಪ್ರಶ್ನೆಯ ಜೊತೆ ದಿನವೂ ಒದ್ದಾಡುತ್ತಿರುವವರು ಯಾರು ಎಂದು ಹುಡುಕಿ. ಹೆಜ್ಜೆಗಳನ್ನು ನಾನು ಹೇಳುವ ಕ್ರಮದಲ್ಲೇ ಇಟ್ಟರೆ ಒಳ್ಳೆಯದು, ಏಕೆಂದರೆ ಹೆಚ್ಚಿನವರು ಎಡವುವುದು ಮೂರನೆಯದನ್ನು ಮೊದಲು ಮಾಡಲು ಹೋಗಿ.

ಹೆಜ್ಜೆ 1: ಹುದ್ದೆಗಳ ಹಿಂದಿನ ಕೆಲಸವನ್ನು ತಿಳಿಯಿರಿ

ವಿಭಾಗದ ಪಟ್ಟಿಯಲ್ಲಿ ಸಹಾಯಕ ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು, ಪ್ರಾಧ್ಯಾಪಕರು ಎಂಬ ಮೂರು ಮೆಟ್ಟಿಲು ಕಾಣುತ್ತವೆ. ದೇಶದಿಂದ ದೇಶಕ್ಕೆ ಹೆಸರು ಬದಲಾಗಬಹುದು, ಕೆಲಸದ ಸ್ವರೂಪ ಹೆಚ್ಚು ಬದಲಾಗುವುದಿಲ್ಲ. ಮೂವರಿಗೂ ಮೂರು ಹೊಣೆ: ಪಾಠ, ಸಂಶೋಧನೆ, ಆಡಳಿತ. ಇವು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದರಲ್ಲೇ ವ್ಯತ್ಯಾಸ.

ಸಹಾಯಕ ಪ್ರಾಧ್ಯಾಪಕರು ಹೊಸದಾಗಿ ಲ್ಯಾಬ್ ಕಟ್ಟುತ್ತಿರುತ್ತಾರೆ. ಯಂತ್ರ ತರಿಸಬೇಕು, ಮೊದಲ ಅನುದಾನ ಗಿಟ್ಟಿಸಬೇಕು, ಕೆಲಸ ಕಾಯಂ ಆಗಬೇಕಾದರೆ ಪ್ರಬಂಧಗಳು ಪ್ರಕಟವಾಗಬೇಕು. ಒತ್ತಡದಲ್ಲಿರುತ್ತಾರೆ ನಿಜ. ಆದರೆ ಲ್ಯಾಬಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಡಯಲ್ ಗೇಜ್ ಓದುವವರೂ ಅವರೇ. ಹಿರಿಯ ಪ್ರಾಧ್ಯಾಪಕರ ಗುಂಪು ದೊಡ್ಡದು, ಉಪಕರಣಗಳೂ ಹಣವೂ ಅಲ್ಲಿ ಹೆಚ್ಚು. ಅಲ್ಲಿ ನಿಮ್ಮ ದಿನನಿತ್ಯದ ಪ್ರಶ್ನೆಗೆ ಉತ್ತರ ಕೊಡುವವರು ಹೆಚ್ಚಾಗಿ ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸಿದವರು) ಅಥವಾ ಹಿರಿಯ ಪಿಎಚ್‌ಡಿ ವಿದ್ಯಾರ್ಥಿ. ಪ್ರಾಧ್ಯಾಪಕರು ಸಿಗುವುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಇದರಲ್ಲಿ ತಪ್ಪೇನಿಲ್ಲ, ಸೇರುವ ಮುಂಚೆ ಗೊತ್ತಿರಬೇಕು ಅಷ್ಟೇ. ಸಂಶೋಧನೆಗೆ ಮೊದಲ ಸಲ ಕೈ ಹಾಕುವವರಿಗೆ ಕಿರಿಯ ಪ್ರಾಧ್ಯಾಪಕರೊಬ್ಬರು ಮುಖ್ಯ ಗೈಡ್, ಹಿರಿಯರೊಬ್ಬರು ಸಹ ಗೈಡ್ ಆಗಿರುವ ಜೋಡಿ ಚೆನ್ನಾಗಿ ಹೊಂದುತ್ತದೆ ಎಂಬುದು ನಾನು ಕಂಡುಕೊಂಡದ್ದು.

ಪಟ್ಟಿಯ ಅಂಚಿನಲ್ಲಿರುವ ಹೆಸರುಗಳನ್ನೂ ಬಿಡಬೇಡಿ. ನಿವೃತ್ತಿಯ ನಂತರವೂ ವಿಭಾಗಕ್ಕೆ ಬರುವ ಗೌರವ ಪ್ರಾಧ್ಯಾಪಕರನ್ನು ಹಲವು ಕಡೆ ಮುಖ್ಯ ಗೈಡ್ ಆಗಿ ನೋಂದಾಯಿಸಲು ಬರುವುದಿಲ್ಲ, ಆದರೆ ನಿಮ್ಮ ಅಧ್ಯಾಯವನ್ನು ಅಕ್ಷರ ಅಕ್ಷರ ಬಿಡದೆ ಓದಲು ಸಮಯವಿರುವುದು ಅವರಿಗೇ. ಮೂವತ್ತು ವರ್ಷ ಸೈಟ್‌ನಲ್ಲಿ ಕಳೆದು ಪಾಠ ಮಾಡಲು ಬಂದ ಎಂಜಿನಿಯರ್‌ಗಳಿರುತ್ತಾರೆ. ನಿಮ್ಮ ವಿಷಯ ನೆಲದ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಎಂದು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ವಿಭಾಗದ ಮುಖ್ಯಸ್ಥರನ್ನು ಗೈಡ್ ಮಾಡಿಕೊಂಡರೆ ಎಲ್ಲ ಬಾಗಿಲೂ ತೆರೆಯುತ್ತದೆ ಎಂಬ ನಂಬಿಕೆ ಹಲವರಿಗಿದೆ. ಮುಖ್ಯಸ್ಥರ ಅವಧಿಯಲ್ಲಿ ಅವರಿಗೆ ವೇಳಾಪಟ್ಟಿ, ನೇಮಕಾತಿ, ಸಭೆಗಳ ನಡುವೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲ್ಯಾಬ್ ಸಹಾಯಕರ ಬಗ್ಗೆ ಮುಂದೆ ಬೇರೆಯಾಗಿಯೇ ಹೇಳಬೇಕು.

ಹೆಜ್ಜೆ 2: ನಿಮ್ಮ ಪ್ರಶ್ನೆ ಯಾರ ಮೇಜಿನದು?

ಸಿವಿಲ್ ಎಂಬ ಒಂದೇ ಹೆಸರಿನ ಕೆಳಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗದಷ್ಟು ದೂರದ ಕವಲುಗಳಿವೆ. ಸ್ಟ್ರಕ್ಚರ್ಸ್, ಜಿಯೋಟೆಕ್ನಿಕಲ್ ಎಂದರೆ ಮಣ್ಣು ಮತ್ತು ಅಡಿಪಾಯ, ಜಲಸಂಪನ್ಮೂಲ, ಪರಿಸರ, ಸಾರಿಗೆ, ಸಾಮಗ್ರಿ, ನಿರ್ಮಾಣ ನಿರ್ವಹಣೆ, ಸರ್ವೇ ಮತ್ತು ಜಿಯೋಮ್ಯಾಟಿಕ್ಸ್. ಪದವಿಯಲ್ಲಿ ಎಲ್ಲವನ್ನೂ ಒಂದೊಂದು ವಿಷಯವಾಗಿ ಓದಿ ಪಾಸು ಮಾಡಿರುತ್ತೇವೆ, ಆದರೆ ಒಂದೊಂದರಲ್ಲಿ ಸಂಶೋಧನೆ ಎಂದರೆ ಏನು ಎಂದು ಅಲ್ಲಿ ತಿಳಿಯುವುದಿಲ್ಲ. ಆ ವಿಷಯದ ಅಧ್ಯಾಪಕರೊಬ್ಬರು ಹಿಂದೆ ಏನು ಮಾಡಿದರು ಎಂದು ನೋಡಿದರೆ ಥಟ್ಟನೆ ಹೊಳೆಯುತ್ತದೆ.

ನಮ್ಮ ಮಣ್ಣಿನಿಂದಲೇ ಶುರು ಮಾಡುತ್ತೇನೆ. ಕಾರ್ಲ್ ಟೆರ್ಜಾಗಿ ಇಸ್ತಾಂಬುಲ್‌ನಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ತಾವೇ ಕಟ್ಟಿಕೊಂಡ ಉಪಕರಣಗಳಿಂದ ಜೇಡಿಮಣ್ಣನ್ನು ಒತ್ತಿ ಒತ್ತಿ ನೋಡಿದರು. ಹೊರೆಯನ್ನು ಕಣಗಳೂ ಕಣಗಳ ನಡುವಿನ ನೀರೂ ಹಂಚಿಕೊಳ್ಳುತ್ತವೆ, ನೀರು ನಿಧಾನಕ್ಕೆ ಹೊರಹೋದ ಹಾಗೆ ಹೊರೆ ಕಣಗಳ ಮೇಲೆ ಬರುತ್ತದೆ, ಕಟ್ಟಡ ವರ್ಷಗಟ್ಟಲೆ ಕುಸಿಯುತ್ತಾ ಹೋಗುವುದು ಅದಕ್ಕೇ ಎಂಬ ತಿಳಿವಳಿಕೆ ಅಲ್ಲಿಂದ ಬಂತು. 1925ರಲ್ಲಿ ಅವರ ಪುಸ್ತಕ ಜರ್ಮನ್ ಭಾಷೆಯಲ್ಲಿ ಹೊರಬಂದ ಮೇಲೆ ಮಣ್ಣಿನ ಯಂತ್ರಶಾಸ್ತ್ರ ಒಂದು ವಿಷಯವಾಗಿ ನಿಂತಿತು. ಆರ್ಥರ್ ಕ್ಯಾಸಗ್ರಾಂಡೆ ಹಿಡಿದ ಪ್ರಶ್ನೆ ನೋಡಲು ಇನ್ನೂ ಚಿಕ್ಕದು. ಮಣ್ಣು ಯಾವ ತೇವಾಂಶದಲ್ಲಿ ದ್ರವದಂತೆ ವರ್ತಿಸುತ್ತದೆ ಎಂಬ ಮಿತಿಯನ್ನು ಸ್ವೀಡನ್ನಿನ ವಿಜ್ಞಾನಿ ಅಟರ್‌ಬರ್ಗ್ 1911ರಲ್ಲೇ ಹೇಳಿದ್ದರು, ಆದರೆ ಅಳೆಯುವವರ ಕೈ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಕ್ಯಾಸಗ್ರಾಂಡೆ ಹಿತ್ತಾಳೆಯ ಬಟ್ಟಲೊಂದನ್ನು 10 ಮಿಲಿಮೀಟರ್ ಎತ್ತರದಿಂದ ಬೀಳಿಸುವ ಸಾಧನ ಮಾಡಿ, ಬಟ್ಟಲಿನ ಮಣ್ಣಿನಲ್ಲಿ ಕೊರೆದ ಸೀಳು 25 ಬಡಿತಕ್ಕೆ ಮುಚ್ಚುವ ತೇವಾಂಶವೇ ದ್ರವಮಿತಿ ಎಂದು ಗಟ್ಟಿ ಮಾಡಿದರು. ಇವತ್ತಿಗೂ ವಿದ್ಯಾರ್ಥಿಗಳು ಆ ಹಿಡಿಯನ್ನು ತಿರುಗಿಸುತ್ತಿದ್ದಾರೆ. ಅಳತೆಯನ್ನು ನಂಬುವಂತೆ ಮಾಡುವುದೂ ಸಂಶೋಧನೆಯೇ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಮನದಟ್ಟು ಮಾಡಲು ನನಗೆ ವರ್ಷಗಳು ಬೇಕಾಗಿವೆ.

ಸ್ಟ್ರಕ್ಚರ್ಸ್ ಕಡೆ ಹಾರ್ಡಿ ಕ್ರಾಸ್ ಅವರನ್ನು ನೋಡಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅವರು ತರಗತಿಯಲ್ಲಿ ಕಲಿಸುತ್ತಿದ್ದ ಲೆಕ್ಕದ ವಿಧಾನವೇ 1930ರಲ್ಲಿ ಸುಮಾರು ಹತ್ತು ಪುಟಗಳ ಪ್ರಬಂಧವಾಗಿ ಬಂತು. ನಾವೆಲ್ಲ ಬೀಮ್‌ಗಳಿಗೆ ಮಾಡಿದ ಮೊಮೆಂಟ್ ಡಿಸ್ಟ್ರಿಬ್ಯೂಷನ್ ಅದೇ. ಕಂಪ್ಯೂಟರ್ ಬರುವವರೆಗೆ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳ ಲೆಕ್ಕಕ್ಕೆ ಲೋಕವೆಲ್ಲ ಅದನ್ನೇ ನೆಚ್ಚಿತ್ತು. ಪಾಠ ಬೇರೆ ಸಂಶೋಧನೆ ಬೇರೆ ಎನ್ನುವವರಿಗೆ ನಾನು ಕೊಡುವ ಉದಾಹರಣೆ ಇದು. ಕಂಪ್ಯೂಟರ್ ಕಾಲಕ್ಕೆ ಬಂದರೆ ಬರ್ಕ್ಲಿಯ ರೇ ಕ್ಲಫ್. ಬೇಸಿಗೆ ರಜೆಯಲ್ಲಿ ಬೋಯಿಂಗ್‌ಗೆ ಹೋಗಿ ವಿಮಾನದ ರೆಕ್ಕೆಯ ವಿಶ್ಲೇಷಣೆಯಲ್ಲಿ ಕೈಜೋಡಿಸಿದ ಸಿವಿಲ್ ಅಧ್ಯಾಪಕರು ಅವರು. ರಚನೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಆ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂದು 1960ರಲ್ಲಿ ಹೆಸರಿಟ್ಟವರೂ ಅವರೇ. ಇವತ್ತು ಅಣೆಕಟ್ಟಿನಿಂದ ಹಿಡಿದು ಸೇತುವೆಯವರೆಗೆ ಎಲ್ಲವೂ ಅದರ ಮೂಲಕವೇ ಹಾದು ಬರುತ್ತದೆ.

ಸಾಮಗ್ರಿಯವರ ಮೂಲಪಾಠ 1918ರ ಡಫ್ ಏಬ್ರಮ್ಸ್ ಅವರದು: ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ನೀರು ಮತ್ತು ಸಿಮೆಂಟಿನ ಅನುಪಾತ. ಈಗ ಆ ಮೇಜಿನ ಮೇಲಿರುವ ದೊಡ್ಡ ಪ್ರಶ್ನೆ ಬೇರೆ. ಮನುಷ್ಯರು ಹೊರಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಹತ್ತಿರ ಹತ್ತಿರ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯದು. ಗೂಡನ್ನು ಕಾಯಿಸಲು ಸುಡುವ ಇಂಧನ ಮಾತ್ರವಲ್ಲ, ಸುಣ್ಣದ ಕಲ್ಲು ಒಡೆಯುವಾಗಲೇ ಅನಿಲ ಹೊರಬರುತ್ತದೆ. ಹಾಗಾಗಿ ಬೂದಿ, ಕುಲುಮೆಯ ಕಿಟ್ಟ, ಸುಟ್ಟ ಜೇಡಿಮಣ್ಣು ಬೆರೆಸಿ ಕ್ಲಿಂಕರ್ (ಗೂಡಿನಲ್ಲಿ ಸುಟ್ಟು ಬರುವ ಸಿಮೆಂಟಿನ ಗಟ್ಟಿ) ಕಡಿಮೆ ಮಾಡುವ ಕೆಲಸ ಎಲ್ಲೆಡೆ ನಡೆದಿದೆ.

ನೀರಿನವರಿಗೆ ಆಸ್ಬೋರ್ನ್ ರೆನಾಲ್ಡ್ಸ್ ಇದ್ದಾರೆ. 1883ರಲ್ಲಿ ಮ್ಯಾಂಚೆಸ್ಟರ್‌ನ ಕಾಲೇಜಿನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು, ಅದು ನೇರವಾಗಿ ಸಾಗಿ ಯಾವ ವೇಗದಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ ಎಂದು ಕಣ್ಣಾರೆ ನೋಡಿದವರು. ಸಾರಿಗೆಯವರಿಗೆ 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪ್ರಯೋಗವಿದೆ. ಲಾರಿಗಳನ್ನು ಸುತ್ತು ಹಾಕಿಸಿ ಹಾಕಿಸಿ ರಸ್ತೆಯನ್ನು ಬೇಕೆಂದೇ ಸವೆಸಿದರು. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು ಎಂಬ ನಾಲ್ಕನೇ ಘಾತದ ನಿಯಮ ಬಂದದ್ದು ಅಲ್ಲಿಂದ. ಪರಿಸರದವರ ಕೆಲಸ ಎಷ್ಟು ನೇರವಾಗಿ ಜನರ ಮನೆ ಮುಟ್ಟುತ್ತದೆ ಎಂದು ತಿಳಿಯಲು ಅಮೆರಿಕದ ಫ್ಲಿಂಟ್ ನಗರದ ಕಥೆ ಸಾಕು. 2014ರಲ್ಲಿ ಅಲ್ಲಿ ಕುಡಿಯುವ ನೀರಿನ ಮೂಲ ಬದಲಾಯಿತು, ಕೊಳವೆ ಕೊರೆತ ತಡೆಯುವ ರಾಸಾಯನಿಕ ಬೆರೆಸಲಿಲ್ಲ. 2015ರಲ್ಲಿ ವರ್ಜೀನಿಯಾ ಟೆಕ್‌ನ ಸಿವಿಲ್ ಮತ್ತು ಪರಿಸರ ವಿಭಾಗದ ಮಾರ್ಕ್ ಎಡ್ವರ್ಡ್ಸ್ ಮತ್ತು ಅವರ ವಿದ್ಯಾರ್ಥಿಗಳು ನಿವಾಸಿಗಳ ಕೈಗೇ ಮಾದರಿ ಬಾಟಲಿ ಕೊಟ್ಟು, ಕೊಳವೆಗಳಿಂದ ನಲ್ಲಿಯ ನೀರಿಗೆ ಸೀಸ ಸೇರುತ್ತಿರುವುದನ್ನು ತೋರಿಸಿದರು.

ಈಗ ನಿಮ್ಮ ಸರದಿ. ಒಂದು ಹಾಳೆ ತೆಗೆದುಕೊಂಡು "ಏಕೆ" ಅಥವಾ "ಎಷ್ಟು" ಎಂದು ಕೇಳುವ ಐದು ಪ್ರಶ್ನೆ ಬರೆಯಿರಿ. "ನನಗೆ ಸುಸ್ಥಿರತೆಯಲ್ಲಿ ಆಸಕ್ತಿ" ಎನ್ನುವುದು ಪ್ರಶ್ನೆಯಲ್ಲ. "ಹಳೆ ಕಟ್ಟಡ ಕೆಡವಿದಾಗ ಬರುವ ಜಲ್ಲಿ ಹೆಚ್ಚು ನೀರು ಕುಡಿಯುತ್ತದಲ್ಲ, ಅದರಿಂದ ಮಾಡಿದ ಕಾಂಕ್ರೀಟ್ ಒಣಗುವಾಗ ಎಷ್ಟು ಕುಗ್ಗುತ್ತದೆ?" ಇದು ಪ್ರಶ್ನೆ. ಅದು ಆಗಲೇ ಉತ್ತರ ಸಿಕ್ಕಿರುವ ಪ್ರಶ್ನೆಯೇ ಆಗಿರಲಿ, ಪರವಾಗಿಲ್ಲ. ನೀವು ಯಾರ ಬಾಗಿಲು ತಟ್ಟಬೇಕು ಎಂದು ಅದು ಹೇಳಿಕೊಡುತ್ತದೆ.

ಹೆಜ್ಜೆ 3: ಒಬ್ಬೊಬ್ಬರ ಪುಟವನ್ನೂ ನಿಧಾನವಾಗಿ ಓದಿ

ವಿಭಾಗದ ವೆಬ್‌ಸೈಟಿನಲ್ಲಿ ಪ್ರತಿ ಅಧ್ಯಾಪಕರಿಗೂ ಒಂದು ಪುಟವಿರುತ್ತದೆ. "ಆಸಕ್ತಿಯ ಕ್ಷೇತ್ರಗಳು" ಎಂಬ ಸಾಲನ್ನು ನಂಬಿ ಕೂರಬೇಡಿ, ಅದು ಸೇರಿದ ದಿನ ಬರೆದದ್ದಿರಬಹುದು. ಕಳೆದ ಮೂರು ವರ್ಷದ ಪ್ರಕಟಣೆಗಳನ್ನು ನೋಡಿ. ಒಂದೇ ದಾರಿಯಲ್ಲಿ ಮುಂದುವರಿದಿದ್ದಾರೆಯೇ, ಹೊಸ ಕಡೆ ಹೊರಳಿದ್ದಾರೆಯೇ? ಮೊದಲ ಲೇಖಕರ ಹೆಸರು ಯಾರದು? ಅದು ವಿದ್ಯಾರ್ಥಿಗಳದ್ದಾಗಿದ್ದರೆ ಒಳ್ಳೆಯ ಲಕ್ಷಣ, ಕೆಲಸ ಮಾಡಿದವರಿಗೆ ಅಲ್ಲಿ ಹೆಸರು ಸಿಗುತ್ತದೆ ಎಂದರ್ಥ. ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದೂ ಹುಡುಕಿ.

ಎಚ್-ಇಂಡೆಕ್ಸ್ ಎಂಬ ಸಂಖ್ಯೆ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಅಳತೆ ಅದು. 20 ಎಂದಿದ್ದರೆ, ಕನಿಷ್ಠ 20 ಸಲ ಉಲ್ಲೇಖಗೊಂಡ 20 ಪ್ರಬಂಧಗಳು ಅವರದ್ದಿವೆ ಎಂದರ್ಥ. ಇದನ್ನಿಟ್ಟುಕೊಂಡು ನೀರು ಶುದ್ಧೀಕರಣದವರನ್ನೂ ದೊಡ್ಡ ಬೀಮ್ ಮುರಿಯುವವರನ್ನೂ ಹೋಲಿಸುವುದು ಅನ್ಯಾಯ. ಪೂರ್ಣ ಗಾತ್ರದ ಕಾಂಕ್ರೀಟ್ ಚೌಕಟ್ಟೊಂದನ್ನು ಎರಕ ಹೊಯ್ದು, 28 ದಿನ ಕಾದು, ಸೆನ್ಸರ್ ಕಟ್ಟಿ, ಮುರಿದು, ಅವಶೇಷ ಸಾಗಿಸುವಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ. ಜಪಾನಿನ ಇ-ಡಿಫೆನ್ಸ್ ಎಂಬ ಭೂಕಂಪ ಪ್ರಯೋಗಾಲಯದಲ್ಲಿ 20 ಮೀಟರ್ ಉದ್ದ, 15 ಮೀಟರ್ ಅಗಲದ ಕಂಪನ ಮೇಜಿದೆ. ಅದರ ಮೇಲೆ ಇಡೀ ಮನೆಯನ್ನೇ ನಿಲ್ಲಿಸಿ ಅಲುಗಾಡಿಸುತ್ತಾರೆ. ಅಂಥದ್ದೊಂದು ಪ್ರಯೋಗದ ಹಿಂದೆ ವರ್ಷಗಳ ತಯಾರಿಯಿರುತ್ತದೆ. ಸಂಖ್ಯೆ ಕಡಿಮೆ ಎಂದು ಅಂಥವರನ್ನು ಬಿಟ್ಟರೆ ನಷ್ಟ ನಿಮಗೇ.

ಹೆಜ್ಜೆ 4: ಎರಡು ಪ್ರಬಂಧ ಓದಿ, ಆಮೇಲೆ ಪತ್ರ ಬರೆಯಿರಿ

ಹತ್ತು ಬೇಡ, ಎರಡು ಸಾಕು. ಮೊದಲು ಸಾರಾಂಶ, ಅಲ್ಲಿಂದ ನೇರವಾಗಿ ಚಿತ್ರಗಳು ಮತ್ತು ಗ್ರಾಫ್‌ಗಳು, ಆಮೇಲೆ ಕೊನೆಯ ಭಾಗ, ಕಡೆಗೆ ಪ್ರಯೋಗದ ವಿಧಾನ. ಗ್ರಾಫ್ ಮುಂದೆ ಹೆಚ್ಚು ಹೊತ್ತು ಕೂರಿ. ಎಷ್ಟು ಮಾದರಿ ಪರೀಕ್ಷಿಸಿದ್ದಾರೆ, ಬಿಂದುಗಳು ಎಷ್ಟು ಚದುರಿವೆ, ಗೆರೆಯಿಂದ ದೂರ ನಿಂತ ಒಂದು ಬಿಂದುವಿನ ಬಗ್ಗೆ ಏನಾದರೂ ಹೇಳಿದ್ದಾರೆಯೇ? ಅಲ್ಲೇ ನಿಮ್ಮ ಪ್ರಶ್ನೆ ಹುಟ್ಟುತ್ತದೆ.

ಪತ್ರ ಒಂದು ಪರದೆಯಲ್ಲಿ ಮುಗಿಯಬೇಕು. ನೀವು ಯಾರು ಎಂಬುದಕ್ಕೆ ಎರಡು ಸಾಲು. ಯಾವ ಪ್ರಬಂಧ ಓದಿದಿರಿ, ಅದರಲ್ಲಿ ಏನು ಹಿಡಿಸಿತು ಅಥವಾ ಏನು ಅರ್ಥವಾಗಲಿಲ್ಲ ಎಂಬುದಕ್ಕೆ ನಾಲ್ಕು ಸಾಲು. ಯಾವ ವರ್ಷ, ಯಾವ ಪದವಿಗೆ, ಹಣದ ನೆರವು ಬೇಕೋ ಬೇಡವೋ ಎಂಬುದು ನೇರವಾಗಿ. ಅಂಕಪಟ್ಟಿ ಮತ್ತು ಹಿಂದಿನ ಪ್ರಾಜೆಕ್ಟ್ ವರದಿ ಲಗತ್ತಿಸಿ. "ನಿಮ್ಮ ಮೂರನೇ ಚಿತ್ರದಲ್ಲಿ ಒಣ ಮಾದರಿಗಳ ಬಲ ಏಕೆ ಇಳಿಯಿತೆಂದು ನನಗೆ ತಿಳಿಯಲಿಲ್ಲ" ಎಂದು ಒಬ್ಬ ಹುಡುಗಿ ನನಗೆ ಬರೆದಿದ್ದಳು. ನನಗೂ ಅದು ಪೂರ್ತಿ ತಿಳಿದಿರಲಿಲ್ಲ. ಅವಳಿಗೆ ಅದೇ ದಿನ ಉತ್ತರಿಸಿದೆ. ಎರಡು ವಾರ ಕಾದರೂ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಅದಕ್ಕೂ ಬರದಿದ್ದರೆ ಮುಂದಿನ ಹೆಸರಿಗೆ ಹೋಗಿ. ಒಂದೇ ವಿಭಾಗದ ಆರು ಜನರಿಗೆ ಒಂದೇ ಪತ್ರ ಕಳಿಸಬೇಡಿ. ನಾವು ಒಂದೇ ಕಾರಿಡಾರಿನಲ್ಲಿ ಕೂರುವವರು, ಗೊತ್ತಾಗುತ್ತದೆ.

ಹೆಜ್ಜೆ 5: ಮೊದಲ ಭೇಟಿಯಲ್ಲಿ ಕೇಳಲೇಬೇಕಾದವು

ಸಂಕೋಚ ಬಿಟ್ಟು ಕೇಳಿ. ಎಷ್ಟು ದಿನಕ್ಕೊಮ್ಮೆ ಭೇಟಿ? ನನ್ನ ವಿಷಯವನ್ನು ನಾನು ಆರಿಸಬಹುದೇ, ಅಥವಾ ಅನುದಾನ ಬಂದ ಯೋಜನೆಯೊಂದರಲ್ಲಿ ಸೇರಬೇಕೇ? ಬೇಕಾದ ಯಂತ್ರ ಇದೆಯೇ, ಇದ್ದರೆ ಕೆಲಸ ಮಾಡುತ್ತಿದೆಯೇ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ದುರಸ್ತಿಗೆ ಹೋದ ಒಂದು ಲೋಡ್ ಸೆಲ್‌ಗಾಗಿ (ಹೊರೆ ಅಳೆಯುವ ಸಾಧನ) ಇಡೀ ಸೆಮಿಸ್ಟರ್ ಕಾದವರನ್ನು ನಾನು ನೋಡಿದ್ದೇನೆ.

ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಬಹುದು. ಸಿವಿಲ್ ಅಧ್ಯಾಪಕರಲ್ಲಿ ಅನೇಕರು ಹೊರಗಿನ ಕಂಪನಿ, ಸರ್ಕಾರಿ ಇಲಾಖೆಗಳಿಗೆ ಸಲಹೆ ನೀಡುತ್ತಾರೆ, ಮಣ್ಣು ಕಾಂಕ್ರೀಟು ಪರೀಕ್ಷಿಸಿ ಕೊಡುತ್ತಾರೆ. ಇದು ಒಳ್ಳೆಯದೇ, ನಿಜವಾದ ಸಮಸ್ಯೆಗಳು ಲ್ಯಾಬಿಗೆ ಬರುವ ದಾರಿ ಅದು. 1940ರ ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆಯನ್ನೇ ನೋಡಿ. ಜುಲೈ 1ಕ್ಕೆ ಸಂಚಾರಕ್ಕೆ ತೆರೆದ ಆ ತೂಗುಸೇತುವೆ ಗಾಳಿಗೆ ಅಲೆಯಂತೆ ಏಳುತ್ತಿತ್ತು. ಕಾರಣ ಮತ್ತು ಪರಿಹಾರ ಹುಡುಕಲು ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಾಪಕ ಫರ್ಕ್ಹಾರ್ಸನ್ ಮಾದರಿಗಳನ್ನು ಕಟ್ಟಿ ಪರೀಕ್ಷೆ ಮಾಡುತ್ತಿದ್ದರು, ತಡೆಯುವ ಉಪಾಯಗಳನ್ನೂ ಸೂಚಿಸಿದ್ದರು. ಅದನ್ನು ಜಾರಿಗೆ ತರಲು ಸಮಯ ಸಿಗಲಿಲ್ಲ. ನವೆಂಬರ್ 7ರ ಬೆಳಿಗ್ಗೆ ಸೇತುವೆ ತಿರುಚಿಕೊಂಡು ಬಿದ್ದಾಗ ಅವರು ಕ್ಯಾಮೆರಾ ಹಿಡಿದು ಅಲ್ಲೇ ಇದ್ದರು. ನಂತರದ ಗಾಳಿಸುರಂಗ ಪ್ರಯೋಗಗಳ ಆಧಾರದ ಮೇಲೆ ರೂಪಿಸಿದ ಹೊಸ ಸೇತುವೆ 1950ರಲ್ಲಿ ತೆರೆಯಿತು. ಸೇತುವೆ ಕಟ್ಟುವವರಿಗೆ ಗಾಳಿಯ ಅಧ್ಯಯನ ಕಡ್ಡಾಯವೆನಿಸಿದ್ದರ ಹಿಂದೆ ಆ ಮಾದರಿಗಳ ಪಾತ್ರ ದೊಡ್ಡದು. ಹೊರಗಿನ ಕೆಲಸ ಎಂದರೆ ಇಷ್ಟು ತೂಕದ್ದೂ ಆಗಿರುತ್ತದೆ. ಆದರೆ ಕಂಪನಿಯೊಂದು ಹಣ ಕೊಟ್ಟ ಸಂಶೋಧನೆಯಾದರೆ ಫಲಿತಾಂಶ ಪ್ರಕಟಿಸುವ ಸ್ವಾತಂತ್ರ್ಯ ನಿಮಗಿದೆಯೇ ಎಂದು ಬರಹದಲ್ಲಿ ತಿಳಿದುಕೊಳ್ಳಿ. ಪ್ರಕಟಿಸುವಾಗ ಹಣದ ಮೂಲವನ್ನು ಹೇಳುವುದನ್ನೂ ಮರೆಯಬೇಡಿ.

ಗೈಡ್ ಭೇಟಿ ಮುಗಿದ ಮೇಲೆ ಅವರ ಈಗಿನ ವಿದ್ಯಾರ್ಥಿಗಳ ಜೊತೆ, ಗೈಡ್ ಇಲ್ಲದ ಕಡೆ, ಅರ್ಧ ಗಂಟೆ ಮಾತಾಡಿ. ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂದು ಕೇಳಿ. ಉತ್ತರ ಕೊಡುವ ಮುನ್ನ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಅದೂ ಉತ್ತರವೇ.

ಹೆಜ್ಜೆ 6: ಲ್ಯಾಬ್ ಸಹಾಯಕರಿಂದ ಕಲಿಯಿರಿ

ನನ್ನ ಸಂಶೋಧನೆಯ ಮೊದಲ ವರ್ಷ. ಜೇಡಿಮಣ್ಣಿನ ಮಾದರಿಯನ್ನು ಟ್ರೈಆಕ್ಸಿಯಲ್ ಯಂತ್ರದಲ್ಲಿ ಕೂರಿಸಿದ್ದೆ. ಸಿಲಿಂಡರ್ ಆಕಾರದ ಮಣ್ಣಿಗೆ ತೆಳು ರಬ್ಬರ್ ಪೊರೆ ಹೊದಿಸಿ, ಸುತ್ತ ನೀರು ತುಂಬಿ ಒತ್ತಡ ಕೊಡುತ್ತೇವೆ. ಮಣ್ಣಿನೊಳಗಿನ ನೀರಿನ ಒತ್ತಡವನ್ನು ಬೇರೆಯಾಗಿ ಅಳೆಯುತ್ತೇವೆ. ಮಾದರಿ ನೀರಿನಿಂದ ಪೂರ್ತಿ ತುಂಬಲು ದಿನಗಟ್ಟಲೆ ಕಾದೆ. ಆಮೇಲೆ ಒಳಗಿನ ಒತ್ತಡ ನಿಧಾನಕ್ಕೆ ಏರುತ್ತಾ ಏರುತ್ತಾ ಹೊರಗಿನ ಒತ್ತಡದ ಸಮಕ್ಕೆ ಬಂದು ನಿಂತಿತು. ಹೊಸದೇನೋ ಕಂಡುಹಿಡಿದೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಎರಡು ಸಲ ಮತ್ತೆ ಮಾಡಿದೆ, ಎರಡು ಸಲವೂ ಅದೇ. ಅಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು. ಲ್ಯಾಬ್ ಸಹಾಯಕರು ಒಂದು ಬೆಳಿಗ್ಗೆ ಗ್ರಾಫ್ ನೋಡಿ ಕೇಳಿದರು: "ಪೊರೆ ಊದಿ ನೀರಲ್ಲಿ ಮುಳುಗಿಸಿ ನೋಡಿದ್ರಾ?" ನೋಡಿರಲಿಲ್ಲ. ಒಂದೇ ಕಟ್ಟಿನಿಂದ ತೆಗೆದ ಪೊರೆಗಳು, ಹಳೆಯವು. ಅವರು ಒಂದನ್ನು ಬೆರಳಿಗೆ ಸುತ್ತಿ, ತುದಿ ಬಿಗಿದು, ಊದಿ ಬಕೆಟ್‌ನಲ್ಲಿ ಅದ್ದಿದರು. ಸೂಜಿಮೊನೆಯಷ್ಟು ಜಾಗದಿಂದ ಗುಳ್ಳೆಗಳ ಸರ ಎದ್ದಿತು. ಹೊರಗಿನ ನೀರು ಒಳಗೆ ಸೋರುತ್ತಿತ್ತು, ನನ್ನ ಹೊಸ ಶೋಧ ಅಷ್ಟೇ ಆಗಿತ್ತು. ಆ ಒಂದೂವರೆ ತಿಂಗಳು ನನಗೆ ಈಗಲೂ ನೋವು ಕೊಡುತ್ತದೆ. ಆದರೆ ಆಮೇಲೆ ಯಾವ ಯಂತ್ರ ಮುಟ್ಟುವ ಮುಂಚೆಯೂ ಅವರ ಪಕ್ಕ ನಿಂತು ಒಂದು ಪರೀಕ್ಷೆಯನ್ನು ಮೊದಲಿಂದ ಕೊನೆಯವರೆಗೆ ನೋಡುವುದನ್ನು ರೂಢಿ ಮಾಡಿಕೊಂಡೆ.

ಕಾಂಕ್ರೀಟಿನ ಘನವನ್ನು ಒತ್ತಿ ಮುರಿದು ಬಲ ಅಳೆಯುವ, ಸರಳವೆನಿಸುವ ಕ್ಯೂಬ್ ಪರೀಕ್ಷೆಯಲ್ಲೂ ಇಂಥ ಸೂಕ್ಷ್ಮಗಳು ಕೈಯಿಂದ ಕೈಗೇ ಬರುತ್ತವೆ. 150 ಮಿಲಿಮೀಟರ್ ಕ್ಯೂಬನ್ನು ಯಂತ್ರದಲ್ಲಿಡುವಾಗ ಕರಣೆಯಿಂದ ನುಣುಪು ಮಾಡಿದ ಮೇಲ್ಮುಖ ಪಕ್ಕಕ್ಕೆ ಬರಬೇಕು. ಅಚ್ಚಿನ ಲೋಹಕ್ಕೆ ಒರಗಿದ್ದ ಸಪಾಟು ಮುಖಗಳ ಮೇಲೆಯೇ ಹೊರೆ ಬೀಳಬೇಕು. ತಟ್ಟೆಯ ಮೇಲೆ ಹಿಂದಿನ ಕ್ಯೂಬಿನ ಮರಳಿನ ಒಂದು ಹರಳು ಉಳಿದಿದ್ದರೂ ಹೊರೆ ಅಲ್ಲಿ ಗುಂಪುಗೂಡುತ್ತದೆ, ಹಾಗಾಗಿ ಪ್ರತಿ ಸಲವೂ ಒರೆಸಬೇಕು. ಹೊರೆ ಏರಿಸುವ ವೇಗ ಮಾನದಂಡದಲ್ಲಿ ಹೇಳಿದಷ್ಟೇ ಇರಬೇಕು. ಅವಸರಕ್ಕೆ ಬೇಗ ಏರಿಸಿದರೆ ಬಲ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 675 ಕಿಲೋನ್ಯೂಟನ್‌ಗೆ ಒಡೆದರೆ ಅದನ್ನು 22,500 ಚದರ ಮಿಲಿಮೀಟರ್‌ನಿಂದ ಭಾಗಿಸಿ, ಬಲ 30 ಮೆಗಾಪಾಸ್ಕಲ್. ಸಂಖ್ಯೆ ಬರೆದುಕೊಂಡ ಕೂಡಲೇ ಚೂರುಗಳನ್ನು ಗುಡಿಸಿಬಿಡಬೇಡಿ. ನಾಲ್ಕೂ ಬದಿ ಸಮನಾಗಿ ಉದುರಿ, ತುದಿಗೆ ತುದಿ ತಾಗಿಸಿಟ್ಟ ಎರಡು ಗೋಪುರಗಳಂತೆ ನಡು ಉಳಿದಿದ್ದರೆ ಪರೀಕ್ಷೆ ಸರಿಯಾಗಿದೆ. ಒಂದೇ ಬದಿ ಸೀಳಿದ್ದರೆ ಕ್ಯೂಬ್ ನಡುವಿನಲ್ಲಿ ಕೂತಿರಲಿಲ್ಲ, ಅಥವಾ ಅಚ್ಚೇ ಸೊಟ್ಟಗಿತ್ತು. ಆ ಸಂಖ್ಯೆಯನ್ನು ನಂಬಬಾರದು.

ಕನ್ನಡಕ, ಬೂಟು, ಹೆಲ್ಮೆಟ್ ಹಾಕದೆ ಲೋಡ್ ಫ್ರೇಮ್ ಹತ್ತಿರ ಹೋಗಬೇಡಿ. ಬೀಮ್ ಮುರಿಯುವ ಹೊತ್ತಿನಲ್ಲಿ ಅದರ ಕೆಳಗೆ ಕೈ ಹಾಕಿ ಗೇಜ್ ಸರಿಮಾಡಲು ಯಾವ ಗೈಡ್ ಹೇಳಿದರೂ ಒಪ್ಪಬೇಡಿ.

ಹೆಜ್ಜೆ 7: ದಾಖಲೆ ಮತ್ತು ಹೆಸರು

ಪುಟಕ್ಕೆ ಅಂಕಿಯಿರುವ, ಹೊಲಿದ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಕೋಣೆಯ ಉಷ್ಣತೆ, ಸಿಮೆಂಟ್ ಚೀಲದ ಬ್ಯಾಚ್ ಸಂಖ್ಯೆ, ಯಾವ ಯಂತ್ರ, ಕೊನೆಯ ಸಲ ಅದನ್ನು ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ, ಎಲ್ಲವೂ ಅದರಲ್ಲಿರಲಿ. ಕೆಟ್ಟ ಮಾದರಿಯ ಫಲಿತಾಂಶವನ್ನು ಹರಿದು ಬಿಸಾಡಬೇಡಿ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ. ಗೆರೆಯಿಂದ ದೂರವಿರುವ ಬಿಂದುವನ್ನು ಗ್ರಾಫ್ ಚೆಂದ ಕಾಣಲಿ ಎಂದು ತೆಗೆದುಹಾಕುವುದು ಸುಳ್ಳು ಹೇಳಿದಂತೆಯೇ. ನಮ್ಮ ಸಂಖ್ಯೆಗಳ ಮೇಲೆ ಯಾರೋ ಕಾಲಂ ನಿಲ್ಲಿಸುತ್ತಾರೆ, ಅದರ ಕೆಳಗೆ ಯಾರೋ ಮಲಗುತ್ತಾರೆ.

ಪ್ರಬಂಧದಲ್ಲಿ ಯಾರ ಹೆಸರು, ಯಾವ ಕ್ರಮದಲ್ಲಿ ಎಂಬುದನ್ನು ಕೆಲಸ ಶುರುವಾಗುವಾಗಲೇ ಮಾತಾಡಿಕೊಳ್ಳಿ. ಪ್ರಯೋಗ ಮಾಡಿ ಮೊದಲ ಕರಡು ಬರೆದವರು ಮೊದಲ ಲೇಖಕರಾಗುವುದು ಹೆಚ್ಚಿನ ಕಡೆಯ ಪದ್ಧತಿ. ಕೈ ಹಚ್ಚದವರ ಹೆಸರನ್ನು ದಾಕ್ಷಿಣ್ಯಕ್ಕೆ ಸೇರಿಸಬೇಡಿ. ಲ್ಯಾಬ್ ಸಹಾಯಕರ ಹೆಸರು ಕನಿಷ್ಠ ಕೃತಜ್ಞತೆಯಲ್ಲಾದರೂ ಬರಲಿ. ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳಿಂದ ದೂರವಿರಿ.

ಹೊಂದಾಣಿಕೆಯೇ ಆಗಲಿಲ್ಲ ಎಂದಾದರೆ ಮೂರು ವರ್ಷ ಹಲ್ಲು ಕಚ್ಚಿ ಕೂರಬೇಕಿಲ್ಲ. ಬಹುತೇಕ ವಿಭಾಗಗಳಲ್ಲಿ ಸಂಶೋಧನಾ ಸಮಿತಿಯೊಂದು ಇರುತ್ತದೆ, ಗೈಡ್ ಬದಲಾಯಿಸುವ ನಿಯಮವೂ ಇರುತ್ತದೆ. ಮೊದಲ ವರ್ಷದೊಳಗೆ, ಸಿಟ್ಟಿಲ್ಲದೆ, ಭೇಟಿಗಳ ದಿನಾಂಕವಿರುವ ಟಿಪ್ಪಣಿ ಹಿಡಿದು ಹೋಗಿ ಮಾತಾಡಿ.

ಕೆಲಸ ಮುಗಿಸಿ ಹೊರಡುವಾಗ ಕಚ್ಚಾ ಅಂಕಿಗಳನ್ನು, ಯಾವ ಕಡತದಲ್ಲಿ ಏನಿದೆ ಎಂಬ ಒಂದು ಪುಟದ ವಿವರಣೆಯ ಜೊತೆ, ವಿಭಾಗಕ್ಕೆ ಒಪ್ಪಿಸಿ. ಉಳಿದ ಮಣ್ಣಿನ ಚೀಲಗಳ ಮೇಲೆ ಎಲ್ಲಿಂದ, ಎಷ್ಟು ಆಳದಿಂದ, ಯಾವ ದಿನ ತೆಗೆದದ್ದು ಎಂದು ಒಳಗೊಂದು ಹೊರಗೊಂದು ಚೀಟಿ ಹಾಕಿ, ಪೆನ್ಸಿಲ್‌ನಲ್ಲಿ ಬರೆದು. ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಹಿಂದಿನವರು ಹಾಗೆ ಬಿಟ್ಟುಹೋದ ಒಂದು ಚೀಲ ಮಣ್ಣಿನಿಂದಲೇ ನನ್ನ ಎರಡನೇ ಅಧ್ಯಾಯ ಬಂತು.